ಎರಡು ಹಲಗೆಯ ಕಾಕಾ

ಕಳೆದ ತಿಂಗಳು ಪುಣೆ ಹತ್ತಿರದ ಚಿಂಚವಾಡದ ಜ್ಯೇಷ್ಠ ನಾಗರಿಕರ ಸಂಘದ ಸಭಾಗೃಹದಲ್ಲಿ ಕಾಕಾ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತಾಡಲು ಎದ್ದವರೊಬ್ಬರು ಮರಾಠಿಯಲ್ಲಿ, ಕಾಕಾ ಮಹಿಳಾ ಕ್ರೀಡೆಯ ಆಧಾರಸ್ತಂಭವಾಗಿದ್ದರು, ಹೆಣ್ಣು ಗಂಡು ಎಂಬ ಭೇದವೇ ಅವರಿಗೆ ಗೊತ್ತಿರಲಿಲ್ಲ ಎಂದು ಗದ್ಗದಿತರಾಗಿ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೆಮ್ಮಿದಂತೆ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, ನಮಗೆಲ್ಲ ಕಾಕೂ, ನನ್ನ ತೊಡೆ ಚಿವುಟಿದರು. "ಸುಮ್ನಿರ ಹುಡುಗಿ. ನನಗೂ ನಗು ಬರಾಕತ್ತದ. ಮಂದಿ ಏನಂದಾರು" ಎಂದು ಸೆರಗು ಬಾಯಿಗೆ ಹಿಡಿದರು. ಹಿಂದಿನ ಸಾಲಿನವರು ನಾವಿಬ್ಬರೂ ಅಳುತ್ತಿದ್ದೇವೆಂದು ತಿಳಿದು ನೀರಿನ ಬಾಟಲಿ ಕೊಟ್ಟರು.

ಭೇದ ಗೊತ್ತಿರಲಿಲ್ಲವಂತೆ. ಆ ಮನುಷ್ಯ ಮೂರು ವರ್ಷ ನನ್ನ ತಲೆ ತಿಂದದ್ದೇ ಆ ಭೇದದ ಬಗ್ಗೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪುತ್ತೇನೆ. ಆದರೆ ಅವರಲ್ಲಿದ್ದ ಒಳ್ಳೆಯದು ಬೇರೆಯೇ ಇರುವಾಗ, ಇಲ್ಲದ ಒಳ್ಳೆಯದನ್ನು ಯಾಕೆ ಹೊರಿಸಬೇಕು? ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಎಲ್ಲಿದ್ದರೂ "ಅಳೀದ ಬರದಿ", ಅಳೆದು ನೋಡದೆ ಬರೆದೆ, ಎಂದು ಬೈದಾರು.

ಕಾಕಾ ಬೈಲಹೊಂಗಲದ ಕಡೆಯವರು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದರು. ಅಂದರೆ ಬೇರೆಯವರು ಮಾಡಿದ ಮಾಲನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವ ಕೆಲಸ. ನಿವೃತ್ತಿಯಾದ ಮೇಲೆ ಚಿಂಚವಾಡದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿ ಹಿಡಿದು ಮೂರು ಪೂಲ್ ಟೇಬಲ್ ಹಾಕಿದರು. ಈ ವಯಸ್ಸಿನಲ್ಲಿ ಪೂಲ್ ಯಾಕೆ ಕಾಕಾ ಎಂದು ಕೇಳಿದರೆ, "ಎಲ್ಲಾ ಚೆಂಡೂ ಒಂದ ಅಳತಿ, ಒಂದ ತೂಕ. ಜಗತ್ತಿನಾಗ ಹಂತಾದ್ದು ಇನ್ನೊಂದು ತೋರಸು" ಎನ್ನುತ್ತಿದ್ದರು. ಮುಂಜಾನೆ ಬಂದವರು ಮೊದಲು ಒಂದೊಂದು ಚೆಂಡನ್ನೂ ಉಕ್ಕಿನ ಬಳೆಯೊಳಗೆ ತೂರಿಸಿ ನೋಡುತ್ತಿದ್ದರು. ರಾತ್ರೋರಾತ್ರಿ ಚೆಂಡು ದಪ್ಪಗಾದೀತೆಂಬ ಸಂಶಯ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಬಟ್ಟೆ ಹೊದಿಸಿದ ಮೇಜು, ಅದಕ್ಕೆ ಆರು ಪಾಕೆಟ್ಟು. ತುದಿಗೆ ಚಾಕ್ ಹಚ್ಚಿದ ಉದ್ದನೆಯ ಸ್ಟಿಕ್ಕಿನಿಂದ ಬಿಳಿ ಚೆಂಡಿಗೆ ಹೊಡೆದು, ಅದರಿಂದ ಒಂದು, ಎರಡು, ಮೂರು ಎಂದು ಸರದಿಯ ಪ್ರಕಾರ ಒಂಬತ್ತು ಚೆಂಡುಗಳನ್ನು ಬೀಳಿಸಬೇಕು. ಒಂಬತ್ತನೆಯದನ್ನು ಬೀಳಿಸಿದವರು ಗೆದ್ದರು. ಒತ್ತಾಗಿ ಪೇರಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತಕ್ಕೆ ಬ್ರೇಕ್ ಅನ್ನುತ್ತಾರೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ನಿಯಮ ಸೇರಿತ್ತು. ಕೆಳಗೆ ಗಿರಣಿ ಶುರುವಾದರೆ ಮೇಲೆ ಚೆಂಡುಗಳು ತಾವಾಗಿಯೇ ಅರ್ಧ ಬೆರಳು ಸರಿಯುತ್ತಿದ್ದವು. ಹಾಗಾಗಿ ಯಾರೋ ಜೋಳ ಬೀಸಿಸಲು ಬಂದರೆ ಮೇಲೆ ಎಲ್ಲರೂ ಸ್ಟಿಕ್ಕು ಹಿಡಿದು ಗಣೇಶ ವಿಸರ್ಜನೆಗೆ ನಿಂತವರ ಹಾಗೆ ಕಾಯಬೇಕು. ಮುಖ್ಯ ಪಂದ್ಯಗಳೆಲ್ಲ ಗುರುವಾರ. ಅವತ್ತು ನಮ್ಮ ಭಾಗದಲ್ಲಿ ದುರಸ್ತಿಗೆಂದು ಕರೆಂಟು ತೆಗೆಯುತ್ತಿದ್ದರು, ಗಿರಣಿ ಬಂದ್ ಇರುತ್ತಿತ್ತು. ಫ್ಯಾನೂ ಇಲ್ಲ, ದೀಪವೂ ಇಲ್ಲ. ಕಿಟಕಿಯ ಬೆಳಕಿನಲ್ಲಿ ಬೆವರು ಸುರಿಸುತ್ತ ಆಡುವುದು.

ನಾನು ಪಿಂಪ್ರಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೆ. ಸಹೋದ್ಯೋಗಿಗಳ ಜೊತೆ ಒಮ್ಮೆ ಸುಮ್ಮನೆ ಬಂದವಳು, ಮರುದಿನ ಒಬ್ಬಳೇ ಬಂದೆ. ಮನೆಯಲ್ಲಿ ಅವ್ವನಿಗೆ ಟೇಬಲ್ ಮೇಲಿನ ಆಟ ಎಂದು ಹೇಳಿದ್ದೆ. ಅವಳು ಓಡಾಡಿ ಆಡುವ ಆಟವಿರಬೇಕೆಂದು ಊಹಿಸಿ ನನಗೆ ಬಿಳಿ ಕ್ಯಾನ್ವಾಸ್ ಬೂಟು ತಂದುಕೊಟ್ಟಳು. ಅದನ್ನು ಹಾಕಿಕೊಂಡು ಹೋದ ದಿನ ಕಾಕಾ ನೋಡಿ, "ಓಡಿ ಹೋಗಾಕ ತಯಾರಾಗಿ ಬಂದೀ ಏನವಾ?" ಎಂದು ಕೇಳಿದರು. ಮುಂದೆ ಅವರೇ ಕಲಿಸಿದರು. ಹೊಗಳಿಕೆಯಲ್ಲಿ ಭಾರೀ ಜಿಪುಣ. ಎಂಥ ಹೊಡೆತ ಹೊಡೆದರೂ ಗರಿಷ್ಠ ಎಂದರೆ "ನಡೀತದ". ಎಂಟು ವರ್ಷದಲ್ಲಿ ನನಗೆ ಸಿಕ್ಕ "ನಡೀತದ"ಗಳನ್ನು ಬೆರಳಿನಲ್ಲಿ ಎಣಿಸಬಹುದು.

ಈಗ ಹಲಗೆಗಳ ವಿಷಯ. ಹಾಲ್‌ನ ಗೋಡೆಗೆ ಎರಡು ಹಲಗೆ ಇದ್ದವು. ದೊಡ್ಡದರಲ್ಲಿ ಹನ್ನೊಂದು ಮೊಳೆ, ಹನ್ನೊಂದು ಗಂಡಸರ ಹೆಸರಿನ ತಗಡು. ಮೇಲಿನವನನ್ನು ಸೋಲಿಸಿದರೆ ತಗಡು ಅದಲು ಬದಲು. ವರ್ಷಕ್ಕೊಮ್ಮೆ ಪುಣೆಯ ಮುಕ್ತ ಸ್ಪರ್ಧೆಗೆ ಈ ಹಲಗೆಯ ಮೊದಲ ನಾಲ್ವರ ಹೆಸರು ಹೋಗುತ್ತಿತ್ತು. ಪಕ್ಕದಲ್ಲಿ ಇನ್ನೊಂದು, ರೊಟ್ಟಿ ಮಣೆಯಷ್ಟು ಚಿಕ್ಕದು. ಅದು ಲೇಡೀಸ್. ಅದರಲ್ಲಿ ನಾನು ಮತ್ತು ರವಿವಾರ ಮಾತ್ರ ಬರುತ್ತಿದ್ದ ಇಬ್ಬರು. ಅಲ್ಲಿಂದ ಎಲ್ಲಿಗೂ ಹೆಸರು ಹೋಗುತ್ತಿರಲಿಲ್ಲ. ವರ್ಷದ ಕೊನೆಗೆ ದೊಡ್ಡ ಹಲಗೆಯಲ್ಲಿ ಗೆದ್ದವನಿಗೆ ಹೊಸ ಸ್ಟಿಕ್ಕು, ಲೇಡೀಸ್‌ನಲ್ಲಿ ಗೆದ್ದವಳಿಗೆ ಪ್ರೆಶರ್ ಕುಕ್ಕರ್. ಎರಡು ವರ್ಷ ಎರಡು ಕುಕ್ಕರ್ ಹೊತ್ತು ತಂದೆ. ಅವ್ವನಿಗೆ ಆಟದ ಮೇಲೆ ಗೌರವ ಹುಟ್ಟಿದ್ದೇ ಆವಾಗ.

ಮೂರನೇ ಕುಕ್ಕರಿನ ದಿನ ನನ್ನ ತಲೆ ಕೆಟ್ಟಿತು. "ನನ್ನ ತಗಡು ದೊಡ್ಡ ಹಲಗಿಗೆ ಹಾಕ್ರಿ ಕಾಕಾ. ನನಗ ಸ್ಪರ್ಧೆಗೆ ಹೋಗಬೇಕು" ಎಂದೆ.

"ಅದು ಹಂಗಲ್ಲವಾ" ಎಂದು ಅವರು ದಪ್ಪ ನೋಟ್‌ಬುಕ್ ತೆಗೆದರು.

ಆ ನೋಟ್‌ಬುಕ್ ನನಗೆ ಬಾಯಿಪಾಠವಾಗಿತ್ತು. ಗಂಡಸರ ಆಟಕ್ಕೂ ಹೆಂಗಸರ ಆಟಕ್ಕೂ ಏನು ವ್ಯತ್ಯಾಸ ಎಂದು ಅವರು ಅದರಲ್ಲಿ ವರ್ಷಗಟ್ಟಲೆ ಬರೆದಿಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮೊಬೈಲಿನಲ್ಲಿ ದೇಶವಿದೇಶದ ವೃತ್ತಿಪರ ಪಂದ್ಯಗಳನ್ನು ನೋಡುವುದು, ಸಂಜೆಗೊಂದು ಸಿದ್ಧಾಂತ ಹೊರಡಿಸುವುದು. ಒಂದು ವಾರ, ಹೆಂಗಸರ ಬ್ರೇಕಿಗೆ ಜೋರು ಸಾಲದು. ಮರುವಾರ ಯಾವಳೋ ಒಬ್ಬಳು ಬ್ರೇಕಿನಲ್ಲೇ ಮೂರು ಚೆಂಡು ಬೀಳಿಸಿದ್ದನ್ನು ನೋಡಿ, ಜೋರು ಅದ ಆದರ ತಾಳ್ಮಿ ಇಲ್ಲ. ಅದರ ಮುಂದಿನ ವಾರ, ತಾಳ್ಮಿ ಜಾಸ್ತಿ ಆತು, ಅದಕ್ಕ ಆಟ ಎಳೀತಾರ. "ಗಂಡಸರು ಚೆಂಡು ಹೊಡೀತಾರ, ಹೆಂಗಸರು ಚೆಂಡು ಕಳಸ್ತಾರ" ಎಂದು ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದರು. ಅದರ ಅರ್ಥ ಅವರಿಗೂ ಪೂರ್ತಿ ಗೊತ್ತಿರಲಿಲ್ಲವೆಂದು ನನ್ನ ನಂಬಿಕೆ.

ನಾನೂ ಬಿಡುವವಳಲ್ಲ. "ಕುಸ್ತಿ ಆದರ ತೂಕದ ಮಾತು ಬರ್ತದ. ಇಲ್ಲಿ ಎತ್ತಬೇಕಾದ್ದು ಒಂದು ಕೋಲು. ನಿಮ್ಮ ಹನ್ನೊಂದು ಮಂದಿ ಹನ್ನೆರಡನೇ ವರ್ಷಕ್ಕ ಸ್ಟಿಕ್ ಹಿಡದವರು. ನಾ ಹಿಡದದ್ದು ಇಪ್ಪತ್ತಾರಕ್ಕ, ಅದೂ ಮನ್ಯಾಗ ಸುಳ್ಳು ಹೇಳಿ. ಈ ಫರಕು ನಿಮ್ಮ ಬುಕ್ಕಿನಾಗ ಯಾವ ಪುಟದಾಗ ಅದ ತೋರಸ್ರಿ" ಎಂದೆ.

ಕಾಕಾ ಪುಟ ತಿರುವಿದರು. ಸಿಗಲಿಲ್ಲ. ಆಗ ಪಾಟೀಲರು ನಡುವೆ ಬಾಯಿ ಹಾಕಿದರು. ಪಾಟೀಲರು ದೊಡ್ಡ ಹಲಗೆಯ ಒಂದನೇ ನಂಬರು, ಟ್ರಾನ್ಸ್‌ಪೋರ್ಟ್ ಕಂಪನಿ ನಡೆಸುವವರು, ಕಿವಿಯ ತನಕ ಮೀಸೆ. ವಾದ ಯಾಕೆ, ಹೆಂಗಸಿನ ಆಟವನ್ನು ಕಣ್ಣು ಮುಚ್ಚಿ ಗುರುತಿಸಬಹುದು, ಅದರಲ್ಲೊಂದು ನಾಜೂಕು ಇರುತ್ತದೆ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು.

"ಅಳೀದ ಮಾತಾಡಬ್ಯಾಡ್ರಿ" ಎಂದರು ಕಾಕಾ. ಅವರ ಕಣ್ಣು ಹೊಳೆಯಿತು. ಮೂವತ್ತು ವರ್ಷದ ಇನ್ಸ್‌ಪೆಕ್ಟರ್ ಒಳಗಿನಿಂದ ಎದ್ದು ಬಂದಿದ್ದ.

ಮುಂದಿನ ಗುರುವಾರ ಪರೀಕ್ಷೆ. ಮೇಜಿನ ಒಂದು ತುದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಚಾದರ ಇಳಿಬಿಟ್ಟರು. ನಡುವೆ ಮೇಜಿನ ಮೇಲೆ ಚೆಂಡು ತೂರುವಷ್ಟೇ ಸಂದು, ಎರಡೂ ಬದಿ ನೆಲದ ತನಕ ಬಟ್ಟೆ. ಆಡುವವರು ಚಾದರದ ಆಚೆ, ನೋಡುವವರು ಈಚೆ. ಕಾಣುವುದು ಚೆಂಡು ಮಾತ್ರ. ಒಬ್ಬೊಬ್ಬರು ಒಂದು ಬ್ರೇಕ್, ಐದು ಹೊಡೆತ; ಪ್ರತಿ ಸಲ ಬಿಳಿ ಚೆಂಡನ್ನು ಚಾದರದ ಆಚೆ ಉರುಳಿಸಿ ಕೊಡುವುದು. ನೋಡುವವರು ಚೀಟಿಯಲ್ಲಿ ಗಂ ಅಥವಾ ಹೆಂ ಎಂದು ಬರೆಯಬೇಕು. ಬಳೆ ಸಪ್ಪಳ ಬರಬಾರದು, ಚಪ್ಪಲಿ ಹಾಕಬಾರದು, ಪಾಟೀಲರು ಕೆಮ್ಮಬಾರದು. ಚಾದರ ಕಾಕೂ ಅವರ ತವರುಮನೆಯದು, ನವಿಲಿನ ಚಿತ್ರದ್ದು. "ಚಾಕ್ ಪುಡಿ ಹತ್ತಿದರ ನೀವ ತೊಳೀಬೇಕು" ಎಂದು ಷರತ್ತು ಹಾಕಿಯೇ ಕೊಟ್ಟಿದ್ದರು.

ಅಳೆಯುವವನಿಗೆ ಮಾಲು ಯಾರದೆಂದು ಗೊತ್ತಿರಬಾರದು ಎಂಬುದು ಕಾಕಾ ಅವರ ವೃತ್ತಿಧರ್ಮ. ಹಾಗಾಗಿ ಯಾವ ನಾಲ್ವರು ಆಡಬೇಕು, ಯಾವ ಸರದಿಯಲ್ಲಿ ಎಂಬುದನ್ನೆಲ್ಲ ಕಾಕೂ ಅವರಿಗೇ ಬಿಟ್ಟು, ತಾವು ಅವತ್ತು ಬಂದಿದ್ದ ಉಳಿದ ಐವರ ಜೊತೆ ಈಚೆ ಕುರ್ಚಿ ಹಾಕಿಕೊಂಡು ಕೂತರು.

ಚಾದರದ ಆಚೆ ನಾನಿದ್ದೆ, ಪಾಟೀಲರಿದ್ದರು, ಹಲಗೆಯ ಏಳನೇ ನಂಬರಿನ ಒಬ್ಬ ಗುಮಾಸ್ತರಿದ್ದರು. ನಾಲ್ಕನೆಯವರು ಯಾರು ಎಂದು ನಾನು ಕಣ್ಣಿನಲ್ಲೇ ಕೇಳಿದೆ. ಕಾಕೂ ತುಟಿಯ ಮೇಲೆ ಬೆರಳಿಟ್ಟರು.

"ಒಂದನೇದವರು" ಎಂದು ಕೂಗಿ ಪಾಟೀಲರಿಗೆ ಸನ್ನೆ ಮಾಡಿದರು. ಪಾಟೀಲರ ಆಟ ಬಲು ನಯ. ಚೆಂಡುಗಳು ಮದುವೆ ಪಂಕ್ತಿಗೆ ಬಂದವರ ಹಾಗೆ ಒಂದೊಂದಾಗಿ ಹೋಗಿ ಪಾಕೆಟ್ಟಿನಲ್ಲಿ ಕೂತವು. ಎರಡನೆಯವಳು ನಾನು. ಮೂರು ವರ್ಷದ ಸಿಟ್ಟನ್ನೆಲ್ಲ ಬ್ರೇಕಿಗೆ ಹಾಕಿದೆ. ಮೂರನೆಯವರು ಗುಮಾಸ್ತರು.

"ನಾಕನೇದವರು" ಎಂದು ಕೂಗಿದ ಕಾಕೂ, ಬಳೆಗಳನ್ನು ಮೊಣಕೈ ಕಡೆ ಏರಿಸಿ ಕರವಸ್ತ್ರ ಸುತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಒರಗಿಸಿದ್ದ ಕಾಕಾ ಅವರ ಸ್ವಂತ ಸ್ಟಿಕ್ಕನ್ನು ಎತ್ತಿಕೊಂಡರು. ಪಾಟೀಲರ ಬಾಯಿ ತೆರೆದೇ ಉಳಿಯಿತು. ಬ್ರೇಕಿನ ಸದ್ದಿಗೆ ಈಚೆ ಕಡೆಯವರು "ವ್ಹಾ" ಎಂದದ್ದು ಕೇಳಿಸಿತು. ಐದಕ್ಕೆ ಐದೂ ಬಿದ್ದವು.

ಚೀಟಿಗಳನ್ನು ಚಾದರದ ಸಂದಿಯಲ್ಲಿ ಒಳಗೆ ತೂರಿಸಿದರು. ಕಾಕೂ ಗಟ್ಟಿಯಾಗಿ ಓದಿದರು. ಪಾಟೀಲರಿಗೆ ಆರಕ್ಕೆ ಆರೂ ಹೆಂ. ನನಗೆ ಐದು ಗಂ, ಒಂದು ಹೆಂ. ಆ ಒಂದೂ ಕಾಕಾ ಅವರದಲ್ಲ. ಗುಮಾಸ್ತರದು ಅರ್ಧಕ್ಕರ್ಧ. ನಾಲ್ಕನೆಯದಕ್ಕೆ ಎಲ್ಲವೂ ಗಂ. ಕಾಕಾ ಒಬ್ಬರೇ ತಮ್ಮ ಚೀಟಿಯಲ್ಲಿ ಹೆಚ್ಚಿಗೆ ಬರೆದಿದ್ದರು: ಗಂ, ಭಾಳ ವರ್ಷದ ಕೈ.

ಕಾಕೂ ಚಾದರ ಎಳೆದು ತೆಗೆದರು. ಸ್ಟಿಕ್ಕು ಇನ್ನೂ ಕೈಯಲ್ಲಿತ್ತು.

ಕಾಕಾ ಚೀಟಿ ನೋಡಿದರು, ಹೆಂಡತಿಯನ್ನು ನೋಡಿದರು.

"ಯಾವಾಗಿಂದ?" ಎಂದರು.

"ನೀವು ಹಾಲ್ ಹಾಕಿದಾಗಿಂದ. ಮುಂಜಾನೆ ಟೇಬಲ್ ಝಾಡಸಾಕ ಬರ್ತೀನಲ್ಲ. ಮೂರು ಟೇಬಲ್ ಝಾಡಸಾಕ ಒಂದೂವರಿ ತಾಸು ಬೇಕೇನ್ರಿ?"

"ಹೇಳಬೇಕಿಲ್ಲೇನ?"

"ಕೇಳಬೇಕಿಲ್ಲೇನ್ರಿ" ಎಂದು ಕಾಕೂ ಚಾದರ ಮಡಚತೊಡಗಿದರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಹಾರಿಸಿಬಿಡುತ್ತಿದ್ದರು, ಇಲ್ಲವೇ ಸಿಟ್ಟಾಗುತ್ತಿದ್ದರು. ಕಾಕಾ ಎರಡೂ ಮಾಡಲಿಲ್ಲ. ಡ್ರಾಯರ್ ಎಳೆದು ಕಾರ್ಖಾನೆ ಕಾಲದ ಒಂದು ಕೆಂಪು ಚೀಟಿ ಹುಡುಕಿ, ದಾರ ಪೋಣಿಸಿ, ತಮ್ಮ ನೋಟ್‌ಬುಕ್ಕಿಗೆ ಕಟ್ಟಿದರು. ಆಮೇಲೆ ಸ್ಕ್ರೂಡ್ರೈವರ್ ತಂದು ಲೇಡೀಸ್ ಹಲಗೆಯನ್ನು ಗೋಡೆಯಿಂದ ಬಿಚ್ಚಿದರು. ಅದರ ಹಿಂದೆ ಗೋಡೆಯ ಬಣ್ಣ ಹೊಸದಾಗಿಯೇ ಉಳಿದಿತ್ತು. ತನ್ನ ತಪ್ಪನ್ನು ಇಷ್ಟು ಬೇಗ, ಇಷ್ಟು ಕಡಿಮೆ ಮಾತಿನಲ್ಲಿ ಒಪ್ಪಿಕೊಂಡ ಇನ್ನೊಬ್ಬ ಗಂಡಸನ್ನು ನಾನು ನೋಡಿಲ್ಲ. ಅವತ್ತು ಅವರ ಮೇಲೆ ತುಂಬ ಪ್ರೀತಿ ಬಂತು.

ಆ ಪ್ರೀತಿ ಹದಿನೈದು ನಿಮಿಷ ಉಳಿಯಿತು. ನನ್ನ ತಗಡನ್ನು ದೊಡ್ಡ ಹಲಗೆಯಲ್ಲಿ ಎರಡನೆಯದೋ ಮೂರನೆಯದೋ ಮೊಳೆಗೆ ಹಾಕುತ್ತಾರೆಂದು ನಾನು ಕಾಯುತ್ತಿದ್ದರೆ, ಅವರು ಎಲ್ಲಕ್ಕಿಂತ ಕೆಳಗೆ ಹನ್ನೆರಡನೇ ಮೊಳೆ ಹೊಡೆದು ಅಲ್ಲಿ ನೇತುಹಾಕಿದರು. "ಹೊಸಾ ಮಾಲು. ಕೆಳಗಿಂದ ಬರ್ಲಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕಾಕೂ ಅವರಿಗೂ ಒಂದು ತಗಡು ಬರೆಯಲು ಹೋದಾಗ ಅವರು, "ನನಗ ಹಲಗಿ ಬ್ಯಾಡ್ರಿ. ನನ್ನ ಆಟ ಮುಂಜಾನೆ, ನೀವೆಲ್ಲಾ ಬರೂಕಿಂತ ಮೊದಲ" ಎಂದು ಚಾದರ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದರು.

ಪಾಟೀಲರು ಒಂದು ವಾರ ಹಾಲ್ ಕಡೆ ತಲೆ ಹಾಕಲಿಲ್ಲ. ಬಂದ ದಿನ ಅವರು ಹೊಡೆದ ಬ್ರೇಕಿನ ರಭಸಕ್ಕೆ ಬಿಳಿ ಚೆಂಡು ಮೇಜು ಬಿಟ್ಟು ಹಾರಿ, ಮೆಟ್ಟಿಲಿಳಿದು ಗಿರಣಿಯೊಳಗೆ ಹೋಯಿತು.

ಹನ್ನೆರಡರಿಂದ ನಾಲ್ಕಕ್ಕೆ ಏರಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆಟ ಕಷ್ಟವಾಗಲಿಲ್ಲ, ಸೋತವರ ಮಾತು ಕೇಳುವುದು ಕಷ್ಟವಾಯಿತು. ಒಬ್ಬರಿಗೆ ಬೆನ್ನು ನೋವು. ಒಬ್ಬರಿಗೆ ಹಿಂದಿನ ದಿನದ ಮಿಸಳ್ ಹೊಟ್ಟೆಯಲ್ಲಿ ಕೂತಿರಲಿಲ್ಲ. ಗುಮಾಸ್ತರು ಮಾತ್ರ ದೊಡ್ಡ ಮನಸ್ಸು ಮಾಡಿ, "ಲೇಡೀಸ್ ಅಂತ ಸ್ವಲ್ಪ ಬಿಟ್ಟುಕೊಟ್ಟೆ" ಎಂದರು. ಕಾಕಾ ಅವತ್ತೇ ಹೊಸ ನಿಯಮ ಬರೆದು ಗೋಡೆಗೆ ಹಚ್ಚಿದರು. ಸೋತವರು ಹತ್ತು ನಿಮಿಷ ಬಾಯಿ ತೆರೆಯಬಾರದು. "ಹತ್ತು ಮಿನಿಟಿನಾಗ ನೆವ ಎಲ್ಲಾ ಆರಿ ಹೋಗ್ತಾವ" ಎಂದರು. ನಿಜವಾಗಿಯೂ ಹಾಲ್ ಬಹಳ ಶಾಂತವಾಯಿತು.

ಹೀಗೆ ನಾನು ಮುಕ್ತ ಸ್ಪರ್ಧೆಗೆ ಹೋದೆ. ಶಿವಾಜಿನಗರದ ಕಡೆ ಒಂದು ದೊಡ್ಡ ಎಸಿ ಹಾಲ್. ಪಟ್ಟಿಯಲ್ಲಿದ್ದ ಹೆಂಗಸು ನಾನೊಬ್ಬಳೇ. ಕಾಕಾ ಜೊತೆಗೆ ಬಂದಿದ್ದರು. ಏಳು ಆಟ ಮೊದಲು ಗೆದ್ದವರು ಮುಂದಿನ ಸುತ್ತಿಗೆ. ಎದುರಾಳಿ ಒಬ್ಬ ಸಭ್ಯ ಮನುಷ್ಯ. ಆರು ಆರು ಸಮ ಆಯಿತು. ಕೊನೆಯ ಆಟದಲ್ಲಿ ಏಳರ ತನಕ ಎಲ್ಲವನ್ನೂ ಬೀಳಿಸಿದೆ. ಉಳಿದದ್ದು ಎಂಟು, ಒಂಬತ್ತು. ಎಂಟು ನೇರವಾಗಿತ್ತು. ಹೊಡೆದೆ. ಚೆಂಡು ಪಾಕೆಟ್ಟಿನ ಬಾಯಿಗೆ ಬಡಿದು, ಒಂದು ಸಲ ಅಲುಗಿ, ಅಲ್ಲೇ ನಿಂತಿತು. ಅವರು ಎದ್ದು ಬಂದು ಎರಡನ್ನೂ ಬೀಳಿಸಿದರು.

ಆಮೇಲೆ ಆದದ್ದು ಸೋಲಿಗಿಂತ ಕೆಟ್ಟದು. ಮೈಕಿನವನು "ಆಪಲ್ಯಾ ಧಾಡಸೀ ಮಹಿಲಾ ಖೇಳಾಡೂಸಾಠೀ ಜೋರದಾರ ಟಾಳ್ಯಾ" ಎಂದ. ಧೈರ್ಯಸ್ಥ ಮಹಿಳೆಗೆ ಜೋರು ಚಪ್ಪಾಳೆ. ಗೆದ್ದವರಿಗೆ ಬಿದ್ದದ್ದಕ್ಕಿಂತ ಹೆಚ್ಚು ಚಪ್ಪಾಳೆ ನನಗೆ ಬಿತ್ತು. ಎದುರಾಳಿ ಕೈ ಕುಲುಕಿ, ಲೇಡೀಸ್ ಆಗಿದ್ದೂ ಎಷ್ಟು ಚೆನ್ನಾಗಿ ಆಡಿದಿರಿ ಎಂದರು. ಸಂಘಟಕರೊಬ್ಬರು, ಇಲ್ಲಿ ತನಕ ಬಂದದ್ದೇ ದೊಡ್ಡದು ಎಂದರು. ನಾನು ಎಲ್ಲರಿಗೂ ಹಲ್ಲು ತೋರಿಸಿದೆ. ಹದಿನಾಲ್ಕು ತಿಂಗಳು ಮೊಳೆ ಮೊಳೆ ಹತ್ತಿ ಬಂದವಳು ಮತ್ತೆ ಆ ರೊಟ್ಟಿ ಮಣೆಗೇ ಬಂದು ನಿಂತ ಹಾಗೆ ಅನಿಸಿತು. ಇಡೀ ಹಾಲಿನಲ್ಲಿ ಚಪ್ಪಾಳೆ ತಟ್ಟದೆ ಕೂತವರು ಕಾಕಾ ಒಬ್ಬರೇ.

ಶಿವಾಜಿನಗರದಲ್ಲಿ ಲೋಕಲ್ ಹತ್ತಿದೆವು. ಸೀಟು ಸಿಕ್ಕಿತು. ಕಾಕಾ ಗಡಿಯಾರ ನೋಡಿದರು. ಪಂದ್ಯ ಮುಗಿದು ಹತ್ತು ನಿಮಿಷ ಎಂದೋ ದಾಟಿತ್ತು. ಶುರು ಮಾಡಿದರು.

"ಮೊದಲನೇ ತಪ್ಪು. ಎರಡನೇ ಆಟದಾಗ ಚಾಕ್ ಹಚ್ಚದ ಹೊಡದಿ. ಎರಡನೇದು, ಬಿಳೀ ಚೆಂಡು ಎಲ್ಲಿ ನಿಂದರತದ ಅನ್ನೂದು ನೋಡಲಿಲ್ಲ..."

ಖಡಕಿ ಬಂತು, ಹೋಯಿತು. ದಾಪೋಡಿ ಬಂದಾಗ ಐದನೇ ತಪ್ಪು ನಡೆಯುತ್ತಿತ್ತು. ನಾನು ಒಮ್ಮೆ, "ಎಲ್ಲಾರೂ ನನ್ನನ್ನ ನೋಡಾಕತ್ತಿದ್ರು ಕಾಕಾ. ಹೆಂಗಸು ಅಂತ" ಎಂದೆ.

"ಅವರು ನೋಡಿದ್ದು ಅವರ ತಪ್ಪು. ನೀ ತಿರುಗಿ ನೋಡಿದ್ದು ನಿನ್ನ ತಪ್ಪು. ಏಳನೇ ಚೆಂಡು ಬಿದ್ದ ಕೂಡ್ಲೆ ತಲಿ ಎತ್ತಿ ಮಂದಿ ಕಡೆ ನೋಡಿದಿ. ಗೆದ್ದೆ ಅಂತ ತಿಳಕೊಂಡಿ. ಎಂಟಕ್ಕ ಬಗ್ಗಿದಾಗ ನಿನ್ನ ಕಾಲು ಜಾಗಾಕ್ಕ ಇರಲಿಲ್ಲ. ಇದು ಏಳನೇ ತಪ್ಪು. ಎಲ್ಲಾಕ್ಕಿಂತ ದೊಡ್ಡದು."

ಎದುರು ಸೀಟಿನಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಯಾವುದೋ ಕಾರ್ಖಾನೆಯ ಸಮವಸ್ತ್ರದಲ್ಲಿ ಕೂತಿದ್ದ ಒಬ್ಬರು ಶಿವಾಜಿನಗರದಿಂದಲೂ ಇದನ್ನು ಕೇಳುತ್ತಿದ್ದರು. ಭಾಷೆ ತಿಳಿಯದಿದ್ದರೂ ಬೈಗುಳ ಎಂದು ತಿಳಿದಿತ್ತು. ಕಾಸರವಾಡಿಯಲ್ಲಿ ಅವರಿಗೆ ತಡೆಯಲಾಗಲಿಲ್ಲ. "ಜಾಊ ದ್ಯಾ ಹೋ ಕಾಕಾ. ಪೋರಗೀ ಆಹೇ" ಎಂದರು. ಬಿಟ್ಟುಬಿಡಿ, ಹುಡುಗಿ ಪಾಪ, ಎಂದು.

ಕಾಕಾ ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಮ್ಮ ಹರಕು ಮರಾಠಿಯಲ್ಲಿ, ಹುಡುಗಿ ಆಗಿದ್ದರೆ ತನ್ನ ಮನೆಯಲ್ಲಿ, ಇಲ್ಲಿ ಕೂತದ್ದು ಗೆಲ್ಲಬೇಕಾದ ಪಂದ್ಯ ಸೋತು ಬಂದ ಆಟಗಾರರು, ನೀವು ನಡುವೆ ಬರಬೇಡಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಂಟನೇದು" ಎಂದರು.

ನನಗೆ ಅಳು ಬಂದುಬಿಟ್ಟಿತು. ಎದುರಿನವರು ನಿಮ್ಮಿಂದಲೇ ನೋಡಿ ಎಂಬಂತೆ ಕಾಕಾ ಅವರನ್ನು ದುರುಗುಟ್ಟಿದರು. ಅವರಿಗೆ ಹೇಗೆ ಹೇಳಲಿ? ಸೋತಾಗಿನಿಂದ ಎಲ್ಲರೂ ನನಗೆ ಸಮಾಧಾನ ಹೇಳಿದ್ದರು. ನನ್ನನ್ನು ಸರಿಯಾಗಿ ಸೋಲಲು ಬಿಟ್ಟವರು ಇವರೊಬ್ಬರೇ. ಆ ಎಂಟನೇ ಚೆಂಡು ನಿಂತದ್ದು ನಾನು ಹೆಂಗಸೆಂದಲ್ಲ, ನನ್ನ ಕಾಲು ಜಾಗದಲ್ಲಿ ಇರಲಿಲ್ಲ ಎಂದು. ಸೋಲು ಪೂರ್ತಿ ನನ್ನದಾಗಿತ್ತು. ಅಷ್ಟು ಸಂತೋಷವನ್ನು ನಾನು ಯಾವ ಗೆಲುವಿನಲ್ಲೂ ಕಂಡಿರಲಿಲ್ಲ.

ಪಿಂಪ್ರಿ ದಾಟಿತು. ಕಣ್ಣೊರೆಸಿಕೊಂಡು, ಒಂಬತ್ತನೆಯದು ಯಾವುದು ಎಂದು ಕೇಳಿದೆ.